ಎರೆ ಭೂಮಿಯಲ್ಲಿ ಹೊಸ ಮನೆ: ಮೊದಲ ಹಣ ಪಾಯಕ್ಕೆ, ಎರಡನೆಯದು ಮಾಳಿಗೆಗೆ

ಪ್ರಶ್ನೆ: ನಾನು ಮಾನ್ವಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕ. ಊರಂಚಿನ ಹೊಸ ಬಡಾವಣೆಯಲ್ಲಿ 30×40 ಅಡಿಯ ನಿವೇಶನ ಕೊಂಡಿದ್ದೇವೆ. ಕೆಲವು ವರ್ಷಗಳ ಹಿಂದಿನವರೆಗೂ ಅದು ಕಾಲುವೆ ನೀರಿನ ಭತ್ತದ ಗದ್ದೆಯಾಗಿತ್ತು. ಅಪ್ಪಟ ಎರೆ ಭೂಮಿ, ಅಂದರೆ ಕಪ್ಪು ಜೇಡಿ ಮಣ್ಣು. ಮುನ್ನೂರು ಮೀಟರ್ ದೂರದಲ್ಲಿ ಹಳ್ಳವಿದೆ. ನಾಲ್ಕು ಅಡಿ ಪಾಯ ತೆಗೆದು, ತಳಕ್ಕೆ ಮರಳು ತುಂಬಿ ಕಾಲಂ ನಿಲ್ಲಿಸಿದರೆ ಸಾಕೆಂದು ಮೇಸ್ತ್ರಿಯವರು ಹೇಳುತ್ತಾರೆ. ಆದರೆ ಅಕ್ಕಪಕ್ಕದ ಹೊಸ ಮನೆಗಳ ಗೋಡೆಗಳು ಆಗಲೇ ಬಿರುಕು ಬಿಟ್ಟಿವೆ. ತಂದೆಯವರ ಹಳೆಯ ಮಾಳಿಗೆ (ಮಣ್ಣಿನ ಚಾವಣಿಯ) ಮನೆ ಬೇಸಿಗೆಯಲ್ಲೂ ತಂಪಾಗಿರುತ್ತದೆ. ಸ್ಲ್ಯಾಬಿನ ಮನೆಗಳಲ್ಲಿ ರಾತ್ರಿ ಮಲಗಲಾಗುವುದಿಲ್ಲ. ಮಳೆಯೂ ಬಿಸಿಲೂ ಅಳತೆ ಮೀರುತ್ತಿರುವ ಈ ಕಾಲದಲ್ಲಿ, ಮಿತವಾದ ಹಣದಲ್ಲಿ, ಮಕ್ಕಳ ಕಾಲಕ್ಕೂ ಬಾಳುವ ಮನೆಯನ್ನು ಹೇಗೆ ಕಟ್ಟಿಸಬೇಕು? ಹಳೆಯ ಮನೆಯ ತೊಲೆ, ಕಂಬ, ಬಾಗಿಲುಗಳನ್ನು ಬಳಸಬಹುದೇ?

ಉತ್ತರ: ನಾಲ್ಕು ಅಡಿ ಪಾಯ ತೆಗೆದು ತಳಕ್ಕೆ ಮರಳು ತುಂಬುವ ಯೋಜನೆಯನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ನಿಮ್ಮ ಮೇಸ್ತ್ರಿಯವರಿಗೆ ಅನುಭವವಿಲ್ಲವೆಂದು ನಾನು ಹೇಳುತ್ತಿಲ್ಲ. ಮಸಾರಿಯ ಕೆಂಪು ನೆಲದಲ್ಲಿ, ಗಟ್ಟಿ ಮಡ್ಡಿಯಲ್ಲಿ ಅದೇ ಪಾಯ ಮೂರು ತಲೆಮಾರು ನಿಲ್ಲುತ್ತದೆ. ಎರೆ ಭೂಮಿಯಲ್ಲಾದರೋ ಮನೆಯನ್ನು ಹೊರುವ ನೆಲವೇ ಪ್ರತಿ ವರ್ಷ ಏರಿ ಇಳಿಯುತ್ತದೆ. ಅಲ್ಲಿ ತುಂಬಿದ ಮರಳು ಆ ಏರಿಳಿತವನ್ನು ತಡೆಯುವುದಿಲ್ಲ. ಸುತ್ತಲಿನ ನೀರನ್ನು ಬರಮಾಡಿಕೊಂಡು ಪಾಯದ ಬುಡದಲ್ಲೇ ಹಿಡಿದಿಡುವ ತೊಟ್ಟಿಯಾಗುತ್ತದೆ. ಈ ಸೀಮೆಯಲ್ಲಿ ಬಹುಕಾಲ ಪಾಯಗಳನ್ನು ನೋಡಿದ ಮೇಲೆ ನನಗೆ ಖಚಿತವಾಗಿರುವ ಮಾತೆಂದರೆ, ಹಣ ಎಷ್ಟೇ ಇರಲಿ, ಅದರ ಮೊದಲ ಪಾಲು ಪಾಯಕ್ಕೆ ಹೋಗಬೇಕು, ಎರಡನೆಯ ಪಾಲು ಮಾಳಿಗೆಗೆ, ಅಂದರೆ ಮನೆಯ ಚಾವಣಿಗೆ. ಮುಂಭಾಗದ ಅಂದ, ಹೊಳೆಯುವ ಟೈಲ್ಸು, ಪಿಒಪಿ ಸೀಲಿಂಗು ಇವೆಲ್ಲ ಉಳಿದದ್ದರಲ್ಲಿ ಆಗಲಿ. ಉಳಿಯದಿದ್ದರೆ ಐದು ವರ್ಷ ಬಿಟ್ಟು ಆಗಲಿ. ಟೈಲ್ಸನ್ನು ಯಾವಾಗ ಬೇಕಾದರೂ ಕಿತ್ತು ಹಾಕಿಸಬಹುದು, ಮನೆ ನಿಂತ ಮೇಲೆ ಪಾಯವನ್ನು ಬದಲಿಸಲಾಗದು.

ಎರೆ ಮಣ್ಣಿನ ಸ್ವಭಾವವನ್ನು ರೈತರ ಮಗನಾದ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಬೇಸಿಗೆಯಲ್ಲಿ ಹೊಲ ಬಾಯಿ ಬಿಟ್ಟಾಗ ಆ ಬಿರುಕಿಗೆ ಇಳಿಬಿಟ್ಟ ಕೋಲು ಮೊಳಕ್ಕಿಂತ ಆಳಕ್ಕೆ ಹೋಗುತ್ತದೆ. ಎರಡು ದೊಡ್ಡ ಮಳೆ ಬಿದ್ದರೆ ಅದೇ ಬಿರುಕು ಗುರುತಿಲ್ಲದಂತೆ ಮುಚ್ಚಿಕೊಳ್ಳುತ್ತದೆ. ಈ ಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜವಿದೆ. ಅದರ ಅತಿ ತೆಳುವಾದ ಪದರಗಳ ನಡುವೆ ನೀರು ಸೇರಿದಾಗ ಮಣ್ಣು ಉಬ್ಬುತ್ತದೆ, ನೀರು ಆರಿದಾಗ ಕುಗ್ಗುತ್ತದೆ. ಉಬ್ಬುವ ಬಲ ಒಂದಂತಸ್ತಿನ ಮನೆಯ ಭಾರಕ್ಕಿಂತ ಹೆಚ್ಚಿರಬಹುದು. ಆದ್ದರಿಂದಲೇ ಈ ನೆಲದಲ್ಲಿ ದೊಡ್ಡ ಕಟ್ಟಡಗಳಿಗಿಂತ ನಿಮ್ಮ ನಮ್ಮಂಥವರ ಹಗುರ ಮನೆಗಳೇ ಹೆಚ್ಚಾಗಿ ಬಿರಿಯುತ್ತವೆ. ಇಡೀ ನೆಲ ಒಂದೇ ಸಮನೆ ಏರಿ ಇಳಿದರೆ ಮನೆಗೆ ಅಷ್ಟು ಅಪಾಯವಿಲ್ಲ. ಒಂದು ಮೂಲೆ ಒದ್ದೆಯಾಗಿ ಇನ್ನೊಂದು ಮೂಲೆ ಒಣಗಿದ್ದಾಗ ಗೋಡೆ ಸೀಳುತ್ತದೆ.

ಹವಾಮಾನದ ಬದಲಾವಣೆ ನಿಮ್ಮ ಪಾಯಕ್ಕೆ ತಟ್ಟುವುದು ಇಲ್ಲಿಯೇ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು 7 ಪ್ರತಿಶತ ಹೆಚ್ಚುತ್ತದೆ. ಹಾಗಾಗಿ ಬಿದ್ದಾಗ ಮಳೆ ಒಮ್ಮೆಲೇ ಸುರಿಯುತ್ತದೆ, ಎರಡು ಮಳೆಗಳ ನಡುವಿನ ಬಿಸಿಲು ನೆಲವನ್ನು ಮೊದಲಿಗಿಂತ ಆಳದವರೆಗೆ ಒಣಗಿಸುತ್ತದೆ. ರಾಯಚೂರಿನ ವರ್ಷದ ಮಳೆ ಸುಮಾರು 600 ಮಿ.ಮೀ. ಎಂಬ ಲೆಕ್ಕ ದೊಡ್ಡದಾಗಿ ಬದಲಾಗದೆಯೇ, ಅದು ಬೀಳುವ ರೀತಿಯೊಂದು ಬದಲಾದರೆ ಸಾಕು, ಎರೆ ಮಣ್ಣಿನ ಉಬ್ಬು–ಕುಗ್ಗು ಹೆಚ್ಚುತ್ತದೆ. ನಿಮ್ಮ ನಿವೇಶನಕ್ಕೆ ಇನ್ನೊಂದು ತೊಡಕೂ ಇದೆ. ವರ್ಷಗಟ್ಟಲೆ ಕಾಲುವೆ ನೀರು ನಿಂತ ಗದ್ದೆ ಅದು. ಬಡಾವಣೆಯಾದ ಮೇಲೆ ಆ ನೆಲ ನಿಧಾನವಾಗಿ ಆರುತ್ತಾ ಕುಗ್ಗುತ್ತಿರುತ್ತದೆ. ಪಕ್ಕದ ಗದ್ದೆಗಳಲ್ಲಿ ಇನ್ನೂ ಭತ್ತ ನಾಟಿಯಾಗುತ್ತಿದ್ದರೆ ಒಂದು ಬದಿ ತೇವ, ಇನ್ನೊಂದು ಬದಿ ಒಣ. ನೆರೆಮನೆಗಳ ಬಿರುಕಿಗೆ ಇದೂ ಒಂದು ಕಾರಣವಿರಬಹುದು.

ನಾನು ಕೆಲಸಕ್ಕೆ ಇಳಿದ ಹೊಸತರಲ್ಲಿ ಸಿಂಧನೂರಿನ ಕಡೆ ಒಂದು ಮನೆಯ ಉಸ್ತುವಾರಿ ನೋಡಿದ್ದೆ. ಐದು ಅಡಿಯ ಪಾಯ ಸಾಕೆಂದು ಒಪ್ಪಿದವನು ನಾನೇ. ಎರಡನೆಯ ಬೇಸಿಗೆಯಲ್ಲಿ ಮಲಗುವ ಕೋಣೆಯ ಕಿಟಕಿಯ ಕೆಳಮೂಲೆಯಿಂದ ನೆಲದವರೆಗೆ ಓರೆಯಾಗಿ ಒಂದು ಬಿರುಕು ಬಿತ್ತು. ಬೆರಳಗಲದ ತೆಳು ಗಾಜಿನ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡೂ ತುದಿಗೆ ಸಿಮೆಂಟ್ ಮೆತ್ತಿ, ಪಕ್ಕದಲ್ಲಿ ದಿನಾಂಕ ಬರೆದು ಬಂದೆ. ಮೇ ಕೊನೆಗೆ ಹೋದಾಗ ಗಾಜು ಎರಡು ತುಂಡಾಗಿತ್ತು, ಬಿರುಕಿನೊಳಗೆ ನಾಣ್ಯವೊಂದು ಆರಾಮಾಗಿ ನಿಲ್ಲುತ್ತಿತ್ತು. ಅಕ್ಟೋಬರಿನಲ್ಲಿ ಮತ್ತೆ ಹೋದಾಗ ಅದೇ ಬಿರುಕಿಗೆ ಕಾಗದದ ಹಾಳೆಯೂ ತೂರುತ್ತಿರಲಿಲ್ಲ. ಮನೆಯ ಒಂದು ಬದಿಗೆ ಬಚ್ಚಲ ನೀರು ಹರಿದು ನಿಲ್ಲುತ್ತಿತ್ತು, ಇನ್ನೊಂದು ಬದಿಗೆ ಗೋಡೆಯಿಂದ ಆರಡಿಯಲ್ಲೇ ಬೆಳೆದ ಬೇವಿನ ಮರ ನೆಲದ ತೇವವನ್ನೆಲ್ಲ ಹೀರುತ್ತಿತ್ತು. ಆ ಮನೆಯವರು ಎರಡು ಸಲ ಗಿಲಾವು ಮಾಡಿಸಿ ಸುಣ್ಣ ಬಳಿಸಿದ್ದರು. ಗಿಲಾವಿನಿಂದ ವಾಸಿಯಾಗುವ ಕಾಯಿಲೆ ಅದಾಗಿರಲಿಲ್ಲ. ನೀವೂ ನೆರೆಯವರ ಒಪ್ಪಿಗೆ ಪಡೆದು ಅವರ ಗೋಡೆಗೆ ಇಂಥ ಪಟ್ಟಿ ಅಂಟಿಸಿ ನೋಡಿ. ಬಿರುಕು ಋತುವಿಗೆ ತಕ್ಕಂತೆ ಬಿಚ್ಚಿ ಮುಚ್ಚುತ್ತಿದ್ದರೆ, ನಿಮ್ಮ ಕಾಲಡಿಯ ಮಣ್ಣು ಏನೆಂಬುದು ಗೊತ್ತಾಗುತ್ತದೆ.

ಮಣ್ಣಿನ ಉಬ್ಬುವ ಗುಣವನ್ನು ಅಳೆಯಲು ನಿಮ್ಮ ಶಾಲೆಯ ಪ್ರಯೋಗಾಲಯವೇ ಸಾಕು. ನಿವೇಶನದಲ್ಲಿ ಒಂದು ಮೀಟರ್ ಆಳದ ಮಣ್ಣು ತೆಗೆದು ಒಣಗಿಸಿ, ಪುಡಿ ಮಾಡಿ, ನಯವಾದ ಜರಡಿಯಲ್ಲಿ ಸೋಸಿ. 100 ಮಿಲಿಲೀಟರಿನ ಎರಡು ಅಳತೆ ಜಾಡಿಗಳಲ್ಲಿ ತಲಾ 10 ಗ್ರಾಂ ಪುಡಿ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಗಾಜಿನ ಕಡ್ಡಿಯಿಂದ ಕಲಕಿ ಗಾಳಿಗುಳ್ಳೆಗಳನ್ನು ಬಿಡಿಸಿ, 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಈ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಎಣ್ಣೆಯ ಜಾಡಿಯಲ್ಲಿ ಮಣ್ಣು 10ರ ಗೆರೆಗೆ ಕೂತು ನೀರಿನ ಜಾಡಿಯಲ್ಲಿ 20ರ ಗೆರೆಗೆ ಬಂದಿದ್ದರೆ ಉಬ್ಬುವಿಕೆ 100 ಪ್ರತಿಶತ ಎಂದರ್ಥ. 50ರೊಳಗಿದ್ದರೆ ಹೆಚ್ಚಿನ ಭಯವಿಲ್ಲ. 50 ದಾಟಿದರೆ ಎಚ್ಚರ ಬೇಕು. 100 ದಾಟಿದರೆ ಸಾಧಾರಣ ಪಾಯದ ಮಾತನ್ನು ಕೈಬಿಡಬೇಕು. ಭಾರತೀಯ ಮಾನಕ ಸಂಸ್ಥೆಯ ಪರೀಕ್ಷಾ ವಿಧಾನವೂ ಇದೇ. ಮಕ್ಕಳ ಎದುರಿಗೇ ಮಾಡಿ. ಅವರ ಮನೆಗಳೂ ಇದೇ ಮಣ್ಣಿನ ಮೇಲಿವೆ. ಆದರೆ ಇದು ಮುನ್ಸೂಚನೆಗೆ ಮಾತ್ರ. ಪಾಯದ ವಿನ್ಯಾಸಕ್ಕೆ ಮಣ್ಣು ಪರೀಕ್ಷೆಯವರಿಂದ ಬೋರ್ ಹಾಕಿಸಿ, ಎರೆ ಪದರ ಎಷ್ಟು ಆಳಕ್ಕಿದೆ, ಅದರ ಕೆಳಗೆ ಗರಸೋ (ಕಲ್ಲುಚೂರು ಬೆರೆತ ಗಟ್ಟಿ ಮಣ್ಣು) ಬಂಡೆಯೋ ಎಂಬ ವರದಿ ಪಡೆಯಲೇಬೇಕು. ಒಟ್ಟು ಖರ್ಚಿನಲ್ಲಿ ಅದು ಬಹಳ ಸಣ್ಣ ಮೊತ್ತ. ಗುಂಡಿ ತೋಡಿಸಿ ನೋಡುವುದಾದರೆ ಕಾಲಂ ಬರುವ ಜಾಗ ಬಿಟ್ಟು ತೋಡಿಸಿ, ಮತ್ತು ಎದೆಮಟ್ಟಕ್ಕಿಂತ ಆಳದ ಗುಂಡಿಗೆ ಆಸರೆ ಹಲಗೆಯಿಲ್ಲದೆ ಯಾರನ್ನೂ ಇಳಿಸಬೇಡಿ. ಎರೆ ಮಣ್ಣಿನ ಗೋಡೆ ಸದ್ದಿಲ್ಲದೆ ಕುಸಿಯುತ್ತದೆ.

ವರದಿ ಬಂದ ಮೇಲೆ ದಾರಿ ತಾನಾಗಿ ಸ್ಪಷ್ಟವಾಗುತ್ತದೆ. ಎರೆ ಪದರ ಐದಾರು ಅಡಿಗೆ ಮುಗಿದು ಗಟ್ಟಿ ಗರಸು ಸಿಕ್ಕರೆ, ಎರೆಯನ್ನೆಲ್ಲ ತೆಗೆಸಿ ಗರಸಿನ ಮೇಲೆಯೇ ಫುಟಿಂಗ್ (ಕಾಲಂನ ಅಗಲವಾದ ಬುಡ) ಕೂರಿಸುವುದು ಎಲ್ಲಕ್ಕಿಂತ ಸರಳ. ಪದರ ಇನ್ನೂ ಆಳಕ್ಕೆ ಹೋಗಿದ್ದರೆ ಅಂಡರ್-ರೀಮ್ಡ್ ಪೈಲ್ ಉತ್ತಮ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ನಮ್ಮ ದೇಶದ ಕಪ್ಪು ಮಣ್ಣಿಗೆಂದೇ ಬೆಳೆಸಿದ ವಿಧಾನವಿದು. ಸುಮಾರು ಒಂದು ಅಡಿ ವ್ಯಾಸದ ಕುಳಿಯನ್ನು ನೆಲಕ್ಕೆ ಕೊರೆದು, ತಳದ ಹತ್ತಿರ ಅದನ್ನು ಎರಡೂವರೆ ಪಟ್ಟು ಅಗಲಿಸಿ, ಕಬ್ಬಿಣ ಇಳಿಸಿ ಕಾಂಕ್ರೀಟ್ ತುಂಬುತ್ತಾರೆ. ನೆಲದೊಳಗೆ ಗೆಡ್ಡೆ ಬಿಟ್ಟ ಗಿಡದಂತೆ ಆ ಕಂಬ ಕಚ್ಚಿಕೊಳ್ಳುತ್ತದೆ; ಮೇಲಿನ ಮಣ್ಣು ಉಬ್ಬಿ ಎತ್ತಿದರೂ ಕಳಚಿ ಬರುವುದಿಲ್ಲ. ಆಳವಾದ ಕಪ್ಪು ಮಣ್ಣಿನಲ್ಲಿ ಋತುಮಾನದ ತೇವ ಬದಲಾಗುವುದು ಸುಮಾರು 3.5 ಮೀಟರಿನವರೆಗೆ, ಆದ್ದರಿಂದ ಪೈಲ್ ಕನಿಷ್ಠ ಅಷ್ಟು ಆಳಕ್ಕಾದರೂ ಇಳಿಯಬೇಕು. ನೆಲ ಇನ್ನೂ ಆಳಕ್ಕೆ ಒಣಗುವ ದಿನಗಳು ಬರುತ್ತಿರುವುದರಿಂದ, ನಿಮ್ಮ ಎಂಜಿನಿಯರು ಅರ್ಧ–ಒಂದು ಮೀಟರ್ ಹೆಚ್ಚು ಹೇಳಿದರೆ ಚೌಕಾಸಿ ಮಾಡಬೇಡಿ. ಈ ಪೈಲುಗಳ ತಲೆಗಳನ್ನು ಜೋಡಿಸುವ ಬೀಮಿನ ತಳಕ್ಕೂ ನೆಲಕ್ಕೂ ನಡುವೆ ಕನಿಷ್ಠ 8 ಸೆಂ.ಮೀ. ಖಾಲಿ ಜಾಗ ಇರಲೇಬೇಕು. ನಮ್ಮ ಕಡೆ ಕೆಲಸಗಾರರು ಬೀಮನ್ನು ನೇರವಾಗಿ ನೆಲದ ಮೇಲೆಯೇ ಹಾಸಿಬಿಡುತ್ತಾರೆ. ಆಗ ಉಬ್ಬಿದ ಮಣ್ಣು ಬೀಮನ್ನೇ ಕೆಳಗಿನಿಂದ ಒತ್ತಿ, ಪೈಲಿಗೆ ಹಾಕಿದ ಹಣ ವ್ಯರ್ಥವಾಗುತ್ತದೆ. ಕಾಂಕ್ರೀಟ್ ಹಾಕುವ ದಿನ ನೀವೇ ನಿಂತು ನೋಡಬೇಕಾದ ಒಂದೇ ಒಂದು ಜಾಗವಿದ್ದರೆ ಅದು ಈ ಖಾಲಿ ಜಾಗ.

ಪೈಲ್ ಕೊರೆಯುವ ಯಂತ್ರ ಸಿಗದಿದ್ದರೆ ಮಧ್ಯದ ದಾರಿಯೂ ಇದೆ. ಫುಟಿಂಗಿನ ತಳದಲ್ಲಿ ಉಬ್ಬದ ಗುಣದ ಗರಸು ಮಣ್ಣನ್ನು ಸುಮಾರು ಒಂದು ಮೀಟರ್ ದಪ್ಪಕ್ಕೆ, ಗೇಣು ಗೇಣು ಪದರವಾಗಿ ನೀರು ಚಿಮುಕಿಸಿ ದಮ್ಮಸ್ಸು ಮಾಡಿ ಹಾಕುವುದು. ಮುಂಬಯಿ ಐಐಟಿಯಲ್ಲಿದ್ದ ಪ್ರೊ. ಆರ್. ಕೆ. ಕಟ್ಟಿಯವರು ಕಪ್ಪು ಮಣ್ಣಿನ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿ ತೋರಿಸಿದ್ದು ಇದನ್ನೇ: ಜಿಗುಟು ಇದ್ದೂ ಉಬ್ಬದ ಮಣ್ಣಿನ ಪದರ ಕೆಳಗಿನ ಉಬ್ಬುವಿಕೆಯನ್ನು ಅಡಗಿಸುತ್ತದೆ, ಮರಳಿಗೆ ಆ ಗುಣವಿಲ್ಲ. ಇದಾದರೆ ಪಾಯ ಹೇಗೂ ನಾಲ್ಕು ಅಡಿಗೆ ನಿಲ್ಲುವುದಿಲ್ಲ ಎಂಬುದು ಗಮನದಲ್ಲಿರಲಿ.

ಪಾಯ ಸರಿಯಾಗಿದ್ದೂ ನೆಲಹಾಸು ಎದ್ದ ಮನೆಗಳನ್ನು ನಾನು ಬಹಳ ನೋಡಿದ್ದೇನೆ. ಪಾಯದಿಂದ ಅಗೆದು ತೆಗೆದ ಎರೆ ಮಣ್ಣನ್ನೇ, ಲಾರಿ ಬಾಡಿಗೆ ಉಳಿಯಲೆಂದು, ಪ್ಲಿಂತಿನೊಳಗೆ, ಅಂದರೆ ನೆಲಹಾಸಿನ ಕೆಳಗಿನ ಕಟ್ಟೆಯೊಳಗೆ, ತುಂಬುವುದರ ಫಲ ಅದು. ಮೂರನೆಯ ಮಳೆಗಾಲಕ್ಕೆ ನಡುಮನೆಯ ಟೈಲ್ಸು ಉಬ್ಬಿ ಏಳುತ್ತದೆ, ಬಾಗಿಲು ನೆಲಕ್ಕೆ ಉಜ್ಜುತ್ತದೆ. ಅಗೆದ ಎರೆಯನ್ನು ಹೊಲಕ್ಕೆ ಕಳಿಸಿ, ಪ್ಲಿಂತಿಗೆ ಗರಸು ತರಿಸಿ. ಮನೆಯ ಸುತ್ತ ನಾಲ್ಕೈದು ಅಡಿ ಅಗಲದ ಕಾಂಕ್ರೀಟ್ ಇಲ್ಲವೇ ಪರಸಿ ಕಲ್ಲಿನ ಹಾಸು ಬೇಕು. ಅದರ ಇಳಿಜಾರು ಹೊರಕ್ಕಿರಬೇಕು. ನೀರಿನ ಸಂಪು, ಶೌಚದ ಗುಂಡಿ, ಇಂಗುಗುಂಡಿ ಯಾವುದೂ ಗೋಡೆಗೆ ಅಂಟಿಕೊಂಡಿರಬಾರದು. 30×40ರ ಜಾಗದಲ್ಲಿ ಇದು ಕಷ್ಟವೆಂದು ಗೊತ್ತಿದೆ. ಹಾಗಿದ್ದರೆ ಮನೆಯನ್ನೇ ಎರಡಡಿ ಚಿಕ್ಕದು ಮಾಡಿ. ದೊಡ್ಡ ಮರ ಎಷ್ಟು ಎತ್ತರ ಬೆಳೆಯುತ್ತದೋ ಅಷ್ಟಾದರೂ ದೂರವಿರಲಿ ಎಂಬುದು ಎರೆ ಭೂಮಿಯ ನಿಯಮ, ಆದ್ದರಿಂದ ಬೇವನ್ನು ಬೀದಿಯಾಚೆಗೆ ಹಚ್ಚಿ. ಮಾಳಿಗೆಯ ಮಳೆನೀರನ್ನು ಹಿಡಿಯಲೇಬೇಕು: 900 ಚದರ ಅಡಿಯ ಮಾಳಿಗೆ 600 ಮಿ.ಮೀ. ಮಳೆಯಲ್ಲಿ, ಸೋರಿ ಹೋದದ್ದು ಕಳೆದು, ವರ್ಷಕ್ಕೆ ಸುಮಾರು 40,000 ಲೀಟರ್ ಕೊಡುತ್ತದೆ. ಆದರೆ ಅದನ್ನು ಸೋರದ ತೊಟ್ಟಿಯಲ್ಲಿ ತುಂಬಿಸಿ. ಗೋಡೆಯ ಬುಡದಲ್ಲಿ ಇಂಗಿಸಬೇಡಿ. ಬೆಂಗಳೂರಿನ ಕೆಂಪು ಮಣ್ಣಿಗೆ ಹೇಳಿದ ಇಂಗುಗುಂಡಿಯ ಸಲಹೆ ನಮ್ಮ ಎರೆಗೆ ಹಾಗೆಯೇ ಒಪ್ಪುವುದಿಲ್ಲ.

ಇನ್ನು ಹಳ್ಳದ ವಿಚಾರ. ರಾಯಚೂರು ಜಿಲ್ಲೆ ಕೃಷ್ಣೆ–ತುಂಗಭದ್ರೆಯರ ನಡುವಿನ ನೆಲ. ಇಲ್ಲಿನ ಹಳ್ಳಗಳೆಲ್ಲ ಆ ಎರಡರಲ್ಲೊಂದಕ್ಕೆ ಇಳಿಯುತ್ತವೆ. ನದಿ ತುಂಬಿ ಹರಿಯುವಾಗ ಹಳ್ಳದ ನೀರು ಇಳಿಯಲು ದಾರಿಯಿಲ್ಲದೆ ಹಿಂದಕ್ಕೆ ಒತ್ತುತ್ತದೆ, ಆ ಹೊತ್ತಿಗೇ ಮೇಲೆ ಮಳೆ ಸುರಿದರೆ ವರ್ಷವಿಡೀ ಒಣಗಿದ್ದ ಹಳ್ಳ ಗದ್ದೆಗಳನ್ನು ದಾಟಿ ಬರುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಆದದ್ದನ್ನು ಈ ಭಾಗದವರು ಮರೆತಿಲ್ಲ. ತುಂಗಭದ್ರೆ ಮಂತ್ರಾಲಯದೊಳಕ್ಕೆ ನುಗ್ಗಿದ್ದು ಆಗಲೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಮಳೆಯಿಲ್ಲದ ದಿನವೂ ನದಿಗೆ ನೀರು ಏರಬಹುದೆಂಬುದು ಕೆಳಗಿನ ಊರುಗಳಿಗೆ ಗೊತ್ತಾಯಿತು. ಆದ್ದರಿಂದ ಎರಡು ಕೆಲಸ ಮಾಡಿ. ಜಮೀನಿನ ಸರ್ವೆ ನಕ್ಷೆ ತೋರಿಸುವ ದಿಶಾಂಕ್ ಆ್ಯಪಿನಲ್ಲಿ ನಿಮ್ಮ ಸರ್ವೆ ನಂಬರನ್ನೂ ಗ್ರಾಮನಕ್ಷೆಯನ್ನೂ ಹೋಲಿಸಿ, ಬಡಾವಣೆಯೊಳಗೆ ಹಳೆಯ ನಾಲೆಯೋ ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ) ಜಮೀನೋ ಹಾದುಹೋಗಿದೆಯೇ ನೋಡಿ. ಮುಚ್ಚಿದ ನಾಲೆಯ ದಾರಿಯನ್ನು ನೀರು ಮರೆಯುವುದಿಲ್ಲ. ಆಮೇಲೆ ಆ ಗದ್ದೆಯನ್ನು ಹಿಂದೆ ಉಳುತ್ತಿದ್ದ ಹಿರಿಯರನ್ನು ಕರೆದುಕೊಂಡು ಹೋಗಿ, 2009ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಿ, ಹತ್ತಿರದ ಕರೆಂಟು ಕಂಬಕ್ಕೆ ಗುರುತು ಹಾಕಿಸಿ. ನಿಮ್ಮ ಪ್ಲಿಂತು ಆ ಗುರುತಿಗಿಂತ ಎರಡಡಿಯಾದರೂ ಮೇಲಿರಬೇಕು, ಮತ್ತು ಮುಂದೆ ರಸ್ತೆಗೆ ಡಾಂಬರು ಬಿದ್ದಾಗಲೆಲ್ಲ ಅದು ಏರುವ ಲೆಕ್ಕವೂ ಅದರಲ್ಲಿ ಸೇರಿರಬೇಕು. ಸ್ವಿಚ್ ಬೋರ್ಡು, ಮೀಟರು ಎದೆಮಟ್ಟಕ್ಕಿರಲಿ. ಗುರುತು ಸೊಂಟದ ಎತ್ತರಕ್ಕೆ ಬಂದರೆ ನನ್ನ ಸಲಹೆ ಬೇರೆ: ಆ ನಿವೇಶನದಲ್ಲಿ ಮನೆ ಕಟ್ಟಬೇಡಿ, ಮಾರಿಬಿಡುವ ಮುನ್ನ ಕೊಳ್ಳುವವರಿಗೂ ಈ ವಿಷಯ ಹೇಳಿ. ನಮ್ಮ ಹಳೆಯ ಊರುಗಳು ದಿಬ್ಬ ಹಿಡಿದು ಕುಳಿತದ್ದು ಸುಮ್ಮನಲ್ಲ. ಸಾವಿರಾರು ವರ್ಷಗಳ ಹಿಂದೆ ಬಳ್ಳಾರಿ ಸೀಮೆಯ ಸಂಗನಕಲ್ಲು, ತೆಕ್ಕಲಕೋಟೆಗಳ ನವಶಿಲಾಯುಗದ ಜನರೂ ಎರೆಯ ಬಯಲನ್ನು ಬಿಟ್ಟು ಕಲ್ಲುಗುಡ್ಡಗಳ ಮೇಲೆ ಮನೆ ಮಾಡಿದ್ದರು.

ಬಿಸಿಲಿನ ವಿಚಾರಕ್ಕೆ ಬರುತ್ತೇನೆ. ಏಪ್ರಿಲ್–ಮೇ ತಿಂಗಳಲ್ಲಿ 42–43 ಡಿಗ್ರಿ ನಮಗೆ ಹೊಸದಲ್ಲ. ಈಗ ಕಾಡುತ್ತಿರುವುದು ರಾತ್ರಿಯೂ ಆರದ ಸೆಕೆ. ಹಗಲಿನ ಕಾವನ್ನು ಮೈ ಕಳೆದುಕೊಳ್ಳಬೇಕಾದದ್ದು ರಾತ್ರಿಯಲ್ಲಿ; ಆ ಬಿಡುವು ಸಿಗದಿದ್ದರೆ ಮುದುಕರಿಗೂ ಎಳೆಮಕ್ಕಳಿಗೂ ಜೀವಕ್ಕೇ ಅಪಾಯ. ನಾವಿರುವ 16 ಡಿಗ್ರಿ ಅಕ್ಷಾಂಶದಲ್ಲಿ ಮೇ ಮೊದಲ ವಾರದಲ್ಲೂ ಆಗಸ್ಟ್ ಎಂಟರ ಆಸುಪಾಸಿನಲ್ಲೂ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಅಂದರೆ ಕಡುಬೇಸಿಗೆಯಲ್ಲಿ ಮನೆಗೆ ಬೀಳುವ ಬಿಸಿಲಿನ ದೊಡ್ಡ ಪಾಲು ಮಾಳಿಗೆಗೆ. ನಾಲ್ಕೈದು ಇಂಚಿನ ಬರಿಯ ಸ್ಲ್ಯಾಬು ಆ ಕಾವನ್ನು ಹಗಲೆಲ್ಲ ಹೀರಿ ಸಂಜೆಯಿಂದ ಕೋಣೆಯೊಳಕ್ಕೆ ಬಿಡುತ್ತದೆ. ರಾತ್ರಿ ಹತ್ತು ಗಂಟೆಗೆ ಏಣಿ ಹತ್ತಿ ನೆರೆಮನೆಯ ಸ್ಲ್ಯಾಬಿನ ತಳಕ್ಕೆ ಅಂಗೈ ಇಟ್ಟು ನೋಡಿ. ರೊಟ್ಟಿ ಬೇಯಿಸಿ ಇಳಿಸಿದ ಹಂಚಿನ ನೆನಪಾಗುತ್ತದೆ. ಫ್ಯಾನು ಆ ಕಾವನ್ನೇ ಕೆಳಕ್ಕೆ ದೂಡುತ್ತದೆ. ವಸತಿ ಕಟ್ಟಡಗಳಿಗೆಂದು 2018ರಲ್ಲಿ ಕೇಂದ್ರ ಸರ್ಕಾರ ತಂದ ಇಕೋ ನಿವಾಸ್ ಸಂಹಿತೆ ಮಾಳಿಗೆಯಿಂದ ಎಷ್ಟು ಶಾಖ ಇಳಿಯಬಹುದೆಂಬ ಮಿತಿ ಹಾಕಿದೆ. ಬರಿಯ ಸ್ಲ್ಯಾಬು ಬಿಡುವುದು ಅದರ ಎರಡು–ಮೂರು ಪಟ್ಟು.

ನಿಮ್ಮ ತಂದೆಯವರ ಮನೆ ತಂಪಾಗಿರುವುದಕ್ಕೆ ಕಾರಣ ಇದರಿಂದಲೇ ತಿಳಿಯುತ್ತದೆ. ತೊಲೆ, ಜಂತೆ, ಅದರ ಮೇಲೆ ಕಟ್ಟಿಗೆಯ ಹಾಸು, ಅದರ ಮೇಲೆ ಅಡಿಯಷ್ಟು ಮಣ್ಣು, ಎಲ್ಲಕ್ಕೂ ಮೇಲೆ ನೀರಿಳಿಯದಂತೆ ಸವಳು ಮಣ್ಣು. ಅಷ್ಟು ದಪ್ಪವನ್ನು ದಾಟಿ ಕಾವು ಒಳಗೆ ಬರುವಷ್ಟರಲ್ಲಿ ಬೆಳಗಾಗಿರುತ್ತದೆ. ಅಷ್ಟರಲ್ಲಿ ಬೆಳಕಿಂಡಿಯಿಂದ ಬಿಸಿಗಾಳಿ ಮೇಲೆದ್ದು ಹೋಗಿರುತ್ತದೆ. ಆದರೆ ಅದೇ ಮಾಳಿಗೆಯನ್ನು ಮತ್ತೆ ಕಟ್ಟಿರೆಂದು ನಾನು ಹೇಳಲಾರೆ. ಪ್ರತಿ ವರ್ಷ ಹೊಸ ಮಣ್ಣು ಹಾಕುತ್ತಾ ಹೋದಂತೆ ಭಾರ ಏರುತ್ತದೆ, ಮೂರು ನಾಲ್ಕು ದಿನ ಬಿಡದೆ ಮಳೆ ಹಿಡಿದರೆ ನೆನೆದ ಮಾಳಿಗೆ ಮಲಗಿದವರ ಮೇಲೆಯೇ ಕುಸಿಯುತ್ತದೆ. 1993ರ ಸೆಪ್ಟೆಂಬರ್ 30ರಂದು, ಇಲ್ಲಿಂದ ಇನ್ನೂರು ಚಿಲ್ಲರೆ ಕಿಲೋಮೀಟರ್ ಉತ್ತರಕ್ಕಿರುವ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪದಲ್ಲಿ ಸಾವಿರಾರು ಜನರ ಜೀವ ತೆಗೆದದ್ದೂ ಇಂಥ ಭಾರದ ಮಣ್ಣಿನ ಮಾಳಿಗೆ ಮತ್ತು ಕೆಸರಿನಲ್ಲಿ ಕಟ್ಟಿದ ಕಲ್ಲಿನ ಗೋಡೆಗಳು. ನಮ್ಮದು ಭೂಕಂಪದ ಭಯ ಕಡಿಮೆಯಿರುವ ಸೀಮೆಯೆಂಬುದು ನಿಜ. ಕಿಲ್ಲಾರಿಯನ್ನೂ ಆ ದಿನದವರೆಗೆ ಹಾಗೆಯೇ ಎಣಿಸಲಾಗಿತ್ತು. ಪ್ಲಿಂತಿನ ಮಟ್ಟದಲ್ಲೂ ಬಾಗಿಲು–ಕಿಟಕಿಗಳ ಮೇಲಿನ ಲಿಂಟಲ್ ಮಟ್ಟದಲ್ಲೂ ಇಡೀ ಮನೆಯನ್ನು ಸುತ್ತುವ ಕಾಂಕ್ರೀಟ್ ಪಟ್ಟಿ ಹಾಕಿಸಿ. ಅದು ಭೂಕಂಪಕ್ಕೂ ಆಯಿತು, ಎರೆಯ ಎಳೆತಕ್ಕೂ ಆಯಿತು.

ಹೊಸ ಮನೆಗೆ ಹಳೆಯ ಮಾಳಿಗೆಯ ಗುಣವನ್ನು ಹಗುರವಾಗಿ ತರಬೇಕು. ಸ್ಲ್ಯಾಬಿನ ಮೇಲೆ ಮೊದಲು ನೀರು ಸೋರದ ಲೇಪ, ಅದರ ಮೇಲೆ ಎರಡು ಇಂಚಿನ ಗಟ್ಟಿ ಥರ್ಮೊಕೋಲಿನ ಹಲಗೆ, ಅದರ ಮೇಲೆ ಇಳಿಜಾರಿನ ಕಾಂಕ್ರೀಟ್, ಕೊನೆಗೆ ಒಡೆದ ಬಿಳಿ ಟೈಲ್ಸಿನ ಚೂರುಗಳ ಹಾಸು. ಹಲಗೆ ದುಬಾರಿಯಾದರೆ ಕುಂಬಾರರ ಸಣ್ಣ ಮಡಕೆಗಳನ್ನು ಬೋರಲು ಹಾಕಿ ಸಂದಿಗೆ ಗಾರೆ ತುಂಬುವ ಪದ್ಧತಿಯೂ ಒಳ್ಳೆಯದೇ. ಒಳಗಿನ ಗಾಳಿಯೇ ಕಾವಿಗೆ ತಡೆ. ಆದರೆ ಆ ಭಾರವನ್ನು ಸ್ಲ್ಯಾಬಿನ ವಿನ್ಯಾಸ ಮಾಡುವವರಿಗೆ ಮೊದಲೇ ಹೇಳಬೇಕು. ಇದಾವುದಕ್ಕೂ ಈಗ ಹಣ ಸಾಲದಿದ್ದರೆ ಫೆಬ್ರವರಿ ಕೊನೆಗೆ ಮಾಳಿಗೆಗೆ ಎರಡು ಕೈ ಸುಣ್ಣವನ್ನಾದರೂ ಬಳಿಸಿ. ಕಡುಬಿಸಿಲಿನಲ್ಲಿ ಬರಿಗಾಲಿಡಲಾಗದ ಸ್ಲ್ಯಾಬಿನ ಮೇಲೆ ಸುಣ್ಣದ ಭಾಗದಲ್ಲಿ ನಿಲ್ಲಬಹುದು. ಕೋಣೆಯೊಳಗೂ ಎರಡರಿಂದ ನಾಲ್ಕು ಡಿಗ್ರಿ ಇಳಿಯುತ್ತದೆ. ನೆರೆಯ ತೆಲಂಗಾಣ 2023ರಲ್ಲಿ ತಂಪು ಮಾಳಿಗೆಗೆಂದೇ ಒಂದು ನೀತಿ ಮಾಡಿದೆ. ಅದೇ ಬಿಸಿಲಿನಲ್ಲಿ ಬೇಯುವ ನಮ್ಮ ಜಿಲ್ಲೆಗಳಿಗೂ ಅಂಥದ್ದು ಬೇಕೆಂದು ನಾನು ಎಲ್ಲಿ ಅವಕಾಶ ಸಿಕ್ಕರೂ ಹೇಳುತ್ತಿದ್ದೇನೆ.

ಗೋಡೆಗಳಲ್ಲಿ ಪಡುವಣದ್ದೇ ಶತ್ರು. ಮಲಗುವ ಕೋಣೆಯನ್ನು ಆ ಕಡೆಗೆ ಇಡಬೇಡಿ. ಮೆಟ್ಟಿಲು, ಬಚ್ಚಲು, ಸಾಮಾನಿನ ಕೋಣೆ ಅತ್ತ ಇರಲಿ, ಸಾಧ್ಯವಾದರೆ ಒಂದು ಪಡಸಾಲೆ ಇಳಿಸಿ. ತೆಂಕಣ, ಬಡಗಣ ಕಿಟಕಿಗಳಿಗೆ ಎರಡಡಿಯ ಸಜ್ಜಾ ಸಾಕು. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಿಂದಾಗಿ ನಮ್ಮಲ್ಲಿ ಹಾರುಬೂದಿ ಇಟ್ಟಿಗೆಗೆ ಕೊರತೆಯಿಲ್ಲ, ಒಂಬತ್ತು ಇಂಚಿನ ಗೋಡೆಗೆ ಅದು ಚೆನ್ನಾಗಿ ಒಪ್ಪುತ್ತದೆ. ಪ್ರತಿ ಕೋಣೆಗೂ ಎದುರುಬದುರು ಕಿಟಕಿ ಮತ್ತು ಮಾಳಿಗೆಗೆ ಹತ್ತಿರ ಒಂದು ಗವಾಕ್ಷಿ, ಎಲ್ಲಕ್ಕೂ ಸೊಳ್ಳೆಜಾಲರಿ ಇದ್ದರೆ, ಕರೆಂಟು ಹೋದ ಮೇ ತಿಂಗಳ ರಾತ್ರಿಯಲ್ಲೂ ಮನೆಯವರು ನಿದ್ದೆ ಮಾಡಬಲ್ಲರು. ಎಸಿ ಹಾಕಿಸುವ ಆಲೋಚನೆಗೆ ಮೊದಲು ಇಷ್ಟು ಆಗಲಿ. ಮೆಟ್ಟಿಲ ಮೇಲಿನ ಕೋಣೆಗೋ ದನದ ಕೊಟ್ಟಿಗೆಗೋ ತಗಡು ಹಾಕಿಸಿದರೆ ಅದನ್ನು ಬೋಲ್ಟಿನಿಂದ ಬಿಗಿಸಿ. ಹಾರಬಾರದೆಂದು ಮೇಲೆ ಕಲ್ಲು ಹೇರುವ ರೂಢಿಯನ್ನು ಬಿಡಿ. ಬೇಸಿಗೆಯ ಬಿರುಗಾಳಿಗೆ ತಗಡಿನ ಜೊತೆ ಆ ಕಲ್ಲೂ ಕೆಳಗೆ ಬರುತ್ತದೆ.

ಕೆಲಸವನ್ನು ದೀಪಾವಳಿ ಕಳೆದ ಮೇಲೆ ಶುರುಮಾಡಿ, ಸ್ಲ್ಯಾಬು ಫೆಬ್ರವರಿಯೊಳಗೆ ಬೀಳುವಂತೆ ನೋಡಿಕೊಳ್ಳಿ. ಪಾಯದ ಗುಂಡಿಯನ್ನು ತೋಡಿ ವಾರಗಟ್ಟಲೆ ಬಿಸಿಲಿಗೆ ಬಿಡಬಾರದು, ನೀರು ನಿಲ್ಲಲೂ ಬಿಡಬಾರದು. ತೋಡಿದ ಬೆನ್ನಿಗೇ ಕಾಂಕ್ರೀಟ್ ಬೀಳಬೇಕು. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಹಾರುಬೂದಿ ಬೆರೆತ ಸಿಮೆಂಟಿಗೆ ನಮ್ಮಂಥ ಬಿಸಿ ಒಣ ಹವೆಯಲ್ಲಿ 14 ದಿನ ಕ್ಯೂರಿಂಗ್ ಬೇಕು. ಸ್ಲ್ಯಾಬಿನ ಮೇಲೆ ಮಡಿ ಕಟ್ಟಿ ನೀರು ನಿಲ್ಲಿಸಿ, ಕಾಲಂಗಳಿಗೆ ಒದ್ದೆ ಗೋಣಿ ಸುತ್ತಿ. ಬೋರ್‌ವೆಲ್ ನೀರು ಸವಳಾಗಿದ್ದರೆ ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ, ಹಾಗಾಗಿ ಮೊದಲೇ ಪರೀಕ್ಷೆ ಮಾಡಿಸಿ. ಕೆಲಸ ಏಪ್ರಿಲಿಗೆ ಹೋದರೆ ಗಾರೆಯವರ ವೇಳೆಯನ್ನು ಬದಲಿಸಬೇಕು. ನಮ್ಮ ಜಿಲ್ಲೆಗಳಲ್ಲಿ ಬೇಸಿಗೆಗೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತವೆ, ನೆರಳಿಲ್ಲದ ಸೆಂಟ್ರಿಂಗ್ ಮೇಲೆ ನಿಂತು ಬುಟ್ಟಿ ಹೊರುವ ಹೆಣ್ಣುಮಕ್ಕಳಿಗೆ ಆ ಬಿಡುವು ಇನ್ನೂ ಹೆಚ್ಚು ಬೇಕು. ಬೆಳಿಗ್ಗೆ ಆರಕ್ಕೆ ಶುರುಮಾಡಿಸಿ, ಹನ್ನೊಂದಕ್ಕೆ ನಿಲ್ಲಿಸಿ, ನೆರಳಿಗೆ ಒಂದು ಚಪ್ಪರ, ಕುಡಿಯಲು ತಣ್ಣೀರು, ಮಜ್ಜಿಗೆ ಇರಿಸಿ. ಇದಕ್ಕೆ ತಗಲುವ ಹೆಚ್ಚಿನ ದಿನಗಳನ್ನು ಒಪ್ಪಂದದಲ್ಲೇ ಬರೆಯಿಸಿ.

ಕೊನೆಯದಾಗಿ ತೊಲೆ–ಕಂಬಗಳ ಮಾತು. ಬಳಸಬಹುದು, ಬಳಸಲೇಬೇಕು. ಬಿಚ್ಚುವಾಗ ಮೇಲಿನ ಮಣ್ಣನ್ನೆಲ್ಲ ಮೊದಲು ಇಳಿಸಿ, ಆಮೇಲೆ ಜಂತೆ, ಕಡೆಗೆ ತೊಲೆ, ಆ ಕ್ರಮ ತಪ್ಪಬಾರದು. ಗೋಡೆಯೊಳಗೆ ಹುದುಗಿದ್ದ ತೊಲೆಯ ತುದಿಗಳಿಗೆ ಉಳಿಯಿಂದ ಚುಚ್ಚಿ ನೋಡಿ. ಗೆದ್ದಲು ಹಿಡಿಯುವುದು, ಕೊಳೆಯುವುದು ಅಲ್ಲಿಯೇ. ತಟ್ಟಿದರೆ ಗಟ್ಟಿ ಸದ್ದು ಬರುವ ಭಾಗವನ್ನು ಉಳಿಸಿಕೊಂಡು ಮೆತ್ತಗಾದ ಗೇಣುದ್ದವನ್ನು ಕೊಯ್ಯಿಸಿ ತೆಗೆಯಿರಿ. ಸ್ಲ್ಯಾಬಿನ ಭಾರ ಹೊರಲು ಅವು ಬೇಡ, ಆದರೆ ಪಡುವಣ ಗೋಡೆಗೆ ನಾನು ಹೇಳಿದ ಪಡಸಾಲೆಗೆ ಆ ಕಂಬ, ಆ ತೊಲೆಗಳಿಗಿಂತ ಒಳ್ಳೆಯ ಸಾಮಾನು ಸಿಗಲಾರದು. ಕಂಬದ ಬುಡ ಮಣ್ಣಿಗೆ ತಾಗದಂತೆ ಗೇಣೆತ್ತರದ ಕಲ್ಲಿನ ಮೇಲೆ ಕೂರಿಸಿ. ಹಳೆಯ ಮನೆಯಲ್ಲಿ ಅದು ಕುಳಿತಿದ್ದ ಕಲ್ಲೇ ಇದ್ದರೆ ಅದನ್ನೂ ಜೊತೆಗೆ ತನ್ನಿ.